ವಿಷದ ಗಾಳಿಯಲ್ಲಿ ಬಂದೂಕು: ಬೆಳಗಾವಿ ವಲಯದ ಪೊಲೀಸರಿಗೆ ಬೇಕಾದ ತಯಾರಿ

2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ರೈತರ ಹೋರಾಟ ಜೋರಾಗಿತ್ತು. ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆ ಬಳಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ಹೊತ್ತಿ ಉರಿದವು. ಆ ಚಿತ್ರಗಳನ್ನು ಎಲ್ಲರೂ ನೋಡಿದೆವು. ಬೆಂಕಿ ಹೇಗೆ ಬಿತ್ತು, ಟನ್ನಿಗೆ ಎಷ್ಟು ಸಿಗಬೇಕು ಅನ್ನುವ ಚರ್ಚೆ ನಡೆದೇ ನಡೆಯಿತು. ಆ ಕಾರ್ಖಾನೆಯಲ್ಲಿ ದೊಡ್ಡ ಡಿಸ್ಟಿಲರಿಯೂ ಇದೆ, ಅಲ್ಲಿ ಎಥನಾಲ್ ತಯಾರಾಗುತ್ತದೆ ಅನ್ನುವ ಸಂಗತಿ ಮಾತ್ರ ಹೆಚ್ಚು ಮಾತಿಗೆ ಬರಲಿಲ್ಲ.

ಇಂಥ ಕಡೆ ಬಂದೋಬಸ್ತಿಗೆ ಹೋಗುವ ಪೊಲೀಸರ ಬಳಿ ಲಾಠಿ, ಅಶ್ರುವಾಯು ಶೆಲ್, ಬಂದೂಕು ಇರುತ್ತವೆ. ಅಶ್ರುವಾಯು ಶೆಲ್‌ಗಳಲ್ಲಿ ಹಲವು ಒಳಗೆ ಉರಿದೇ ಹೊಗೆ ಬಿಡುತ್ತವೆ. ಅವುಗಳ ಹೊರಮೈ ಒಣಹುಲ್ಲಿಗೆ ಬೆಂಕಿ ಹಚ್ಚುವಷ್ಟು ಕಾಯುತ್ತದೆ. ಗಾಳಿಯಲ್ಲಿ ಎಥನಾಲ್ ಆವಿ ಶೇ 3.3ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಶುದ್ಧ ಎಥನಾಲ್ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅಷ್ಟು ಆವಿ ಬಿಡಬಲ್ಲದು. ಮುಧೋಳದಲ್ಲೋ ಮಹಾಲಿಂಗಪುರದಲ್ಲೋ ಹಗಲಿನ ಬಿಸಿ ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹೀಗಿರುವಾಗ ಗುಂಪು ಚದುರಿಸಲು ಶೆಲ್ ಹಾರಿಸಬಹುದಾ, ಹಾರಿಸಿದರೆ ಯಾವ ದಿಕ್ಕಿಗೆ ಎಂದು ತೀರ್ಮಾನಿಸುವ ಅಧಿಕಾರಿಗೆ ಕಾರ್ಖಾನೆಯ ಟ್ಯಾಂಕ್‌ಗಳು ಎಲ್ಲಿವೆ ಅನ್ನುವುದು ಗೊತ್ತಿರಬೇಕು, ಅಲ್ವಾ?

ರಾಸಾಯನಿಕ ಅಪಾಯ ಮತ್ತು ಪೊಲೀಸ್ ಅಂದ ಕೂಡಲೇ ನಮ್ಮ ತಲೆಗೆ ಭಯೋತ್ಪಾದನೆ ಬರುತ್ತದೆ. 2008ರ ಮುಂಬೈ ದಾಳಿಯ ನಂತರ ರಾಜ್ಯದಲ್ಲಿ ಗರುಡ ಎಂಬ ಕಮಾಂಡೊ ಪಡೆ ಹುಟ್ಟಿತು. ಅದರ ನೆಲೆ ಬೆಂಗಳೂರು. ಬೆಳಗಾವಿಗೆ ಅಲ್ಲಿಂದ ಸುಮಾರು 500 ಕಿಲೋಮೀಟರ್. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಬಂದೂಕು ಮತ್ತು ವಿಷ ಒಟ್ಟಿಗೆ ಎದುರಾದರೆ ಅದು ಬಹುಶಃ ತೀರಾ ಪರಿಚಯದ ಜಾಗದಲ್ಲಿ ಎದುರಾಗುತ್ತದೆ. ಸಕ್ಕರೆ ಕಾರ್ಖಾನೆಯ ಗೇಟು, ಕೋಲ್ಡ್ ಸ್ಟೋರೇಜ್, ಹೆದ್ದಾರಿಯಲ್ಲಿ ಉರುಳಿದ ಟ್ಯಾಂಕರ್, ಹಳೇ ಶೆಡ್ಡಿನಲ್ಲಿ ನಡೆಯುವ ಡ್ರಗ್ಸ್ ತಯಾರಿಕೆ. ಮೊದಲು ತಲುಪುವವರು ಪಕ್ಕದ ಠಾಣೆಯವರು, ಆಮೇಲೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಅಂದರೆ ಡಿಎಆರ್. ತಯಾರಿ ಶುರುವಾಗಬೇಕಾದ್ದು ಅವರಿಂದಲೇ ಎಂಬುದು ನನ್ನ ವಾದ.

ನಮ್ಮ ಸುತ್ತ ಏನೇನಿದೆ ಎಂದು ಒಮ್ಮೆ ನೋಡೋಣ. ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಗೆ ಕಾಸ್ಟಿಕ್ ಸೋಡಾ ಬೇಕೇ ಬೇಕು. ಚರ್ಮಕ್ಕೆ ತಗುಲಿದರೆ ಅದು ಒಳಕ್ಕೆ ಇಳಿದು ಸುಡುತ್ತದೆ. ಸಕ್ಕರೆ ಬೆಳ್ಳಗಾಗಲು ಗಂಧಕ ಉರಿಸುತ್ತಾರೆ, ಅದರಿಂದ ಸಲ್ಫರ್ ಡೈಆಕ್ಸೈಡ್ ಬರುತ್ತದೆ. ಡಿಸ್ಟಿಲರಿಯ ತ್ಯಾಜ್ಯ ದ್ರವವನ್ನು, ಅಂದರೆ ಸ್ಪೆಂಟ್‌ವಾಶ್ ಕೊಳೆಸುವ ಟ್ಯಾಂಕ್‌ಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ನೀರು ಶುದ್ಧೀಕರಣಕ್ಕೆ ಕ್ಲೋರಿನ್ ಸಿಲಿಂಡರ್ ಬಳಸುವ ಘಟಕಗಳಿವೆ. ವಿಜಯಪುರದ ಒಣದ್ರಾಕ್ಷಿ ಉಳಿಯುವುದು ಕೋಲ್ಡ್ ಸ್ಟೋರೇಜ್‌ಗಳಿಂದ. ಅಂಥ ಶೀತಲಗೃಹಗಳಲ್ಲಿ ಹಲವು ಅಮೋನಿಯಾದಿಂದ ತಂಪಾಗುತ್ತವೆ. ಕೂಡಗಿಯಲ್ಲಿ 2,400 ಮೆಗಾವಾಟ್‌ನ ಉಷ್ಣ ಸ್ಥಾವರ ಇದೆ. ಇಷ್ಟು ದೊಡ್ಡ ಜನರೇಟರ್‌ಗಳನ್ನು ಸಾಮಾನ್ಯವಾಗಿ ಹೈಡ್ರೋಜನ್ ಹಾಯಿಸಿ ತಂಪು ಮಾಡುತ್ತಾರೆ. 2014ರ ಜುಲೈನಲ್ಲಿ ಅಲ್ಲಿ ರೈತರ ಪ್ರತಿಭಟನೆ ನಡೆದಾಗ ಪೊಲೀಸರು ಗುಂಡು ಹಾರಿಸಿದ್ದರು. ಆಗ ಸ್ಥಾವರ ಇನ್ನೂ ಕಟ್ಟಡದ ಹಂತದಲ್ಲಿತ್ತು. ಇವತ್ತು ಅದೇ ಜಾಗದಲ್ಲಿ ಹಾರುವ ಗುಂಡಿನ ಲೆಕ್ಕವೇ ಬೇರೆ.

ಇನ್ನು ನಿಪ್ಪಾಣಿಯಿಂದ ಕಿತ್ತೂರಿನ ತನಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48. ಪುಣೆ ಮತ್ತು ಬೆಂಗಳೂರಿನ ನಡುವಿನ ಟ್ಯಾಂಕರ್‌ಗಳು ಓಡುವುದು ಇದರ ಮೇಲೆಯೇ. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿ, ಸೋರಿದ ಗ್ಯಾಸ್ ಅಕ್ಕಪಕ್ಕದ ಮನೆಗಳನ್ನೂ ಸುಟ್ಟಿತು. 2024ರ ಡಿಸೆಂಬರ್ 20ರಂದು ಜೈಪುರದ ಹೊರವಲಯದಲ್ಲಿ ಟ್ಯಾಂಕರಿಗೆ ಲಾರಿ ಡಿಕ್ಕಿ ಹೊಡೆದಾಗ ರಸ್ತೆಯಲ್ಲಿದ್ದ ಹತ್ತಾರು ವಾಹನಗಳು ಬೂದಿಯಾದವು. ಎಲ್‌ಪಿಜಿ ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿಯುತ್ತದೆ. ಎಲ್ಲೋ ದೂರದಲ್ಲಿ ಎಂಜಿನ್ ಚಾಲೂ ಇದ್ದರೆ ಅಲ್ಲಿಂದಲೇ ಬೆಂಕಿ ಹಿಂದಕ್ಕೆ ಓಡಿ ಬರುತ್ತದೆ. ಟ್ಯಾಂಕರ್ ಹತ್ತಿಕೊಂಡಿದ್ದರೆ ಸುತ್ತಲೂ 1,600 ಮೀಟರ್ ಖಾಲಿ ಮಾಡಿಸಬೇಕು ಎಂದು ಅಂತರರಾಷ್ಟ್ರೀಯ ತುರ್ತು ಕೈಪಿಡಿ ಹೇಳುತ್ತದೆ. ಹೆದ್ದಾರಿ ಗಸ್ತಿನವರು ಜನರನ್ನು ನಿಲ್ಲಿಸುವುದು ಸಾಮಾನ್ಯವಾಗಿ ಎಷ್ಟು ದೂರದಲ್ಲಿ ಎಂಬುದನ್ನು ನಾವೆಲ್ಲ ನೋಡಿದ್ದೇವೆ.

ಗುಟ್ಟಾಗಿ ನಡೆಯುವ ಡ್ರಗ್ಸ್ ಘಟಕಗಳದು ಹೊಸ ತಲೆನೋವು. 2023ರ ಅಕ್ಟೋಬರ್‌ನಲ್ಲಿ ಸೊಲ್ಲಾಪುರದ ಚಿಂಚೋಳಿ ಕೈಗಾರಿಕಾ ಪ್ರದೇಶದಲ್ಲಿ ಮೆಫೆಡ್ರೋನ್ ತಯಾರಿಕೆ ಸಿಕ್ಕಿಬಿತ್ತು. ವಿಜಯಪುರಕ್ಕೆ ಅದು ಸುಮಾರು 100 ಕಿಲೋಮೀಟರ್. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿಗೇ ಬಂದು ಅಂಥದ್ದೊಂದು ಘಟಕದ ಮೇಲೆ ದಾಳಿ ಮಾಡಿದರು. ಇಂಥ ಕಡೆ ಆಮ್ಲ, ಬೇಗ ಹತ್ತಿಕೊಳ್ಳುವ ದ್ರಾವಕ, ಹೆಸರಿಲ್ಲದ ಡ್ರಮ್ಮುಗಳು ಒಂದೇ ಕೋಣೆಯಲ್ಲಿ ಇರುತ್ತವೆ. ಒಳಗಿರುವವರ ಕೈಯಲ್ಲಿ ಆಯುಧವೂ ಇರಬಹುದು. ಬಾಗಿಲು ಒದ್ದು ನುಗ್ಗುವುದು ಪೊಲೀಸರಿಗೆ ಗೊತ್ತು. ಒದ್ದ ಬಾಗಿಲಿನ ಹಿಂದೆ ಡ್ರಮ್ ಉರುಳಿದರೆ ಏನು ಮಾಡಬೇಕು ಅನ್ನುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಕಷ್ಟ ಎಲ್ಲಿದೆ ಅಂದರೆ, ಇಲ್ಲಿ ಎರಡು ಕಡೆಯ ಒಳ್ಳೆಯ ಅಭ್ಯಾಸಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಗುಂಡು ಹಾರುವ ಜಾಗಕ್ಕೆ ತಡಮಾಡದೆ ನುಗ್ಗಬೇಕು, ತಡವಾದಷ್ಟೂ ಹೆಣ ಜಾಸ್ತಿ ಎಂದು ಇಂದಿನ ಕಮಾಂಡೊ ತರಬೇತಿ ಕಲಿಸುತ್ತದೆ. ಒಳಗೆ ಏನಿದೆ ಎಂದು ತಿಳಿಯದೆ ಕಾಲಿಡಬೇಡ ಎಂದು ರಾಸಾಯನಿಕ ತುರ್ತು ತರಬೇತಿ ಕಲಿಸುತ್ತದೆ. ಆರೋಪಿಯ ಕಣ್ಣಿಗೆ ಬೀಳದ ಕಡೆಯಿಂದ ಹೋಗು ಎನ್ನುವುದು ಒಂದು ಪಾಠ. ಗಾಳಿ ಬೀಸುವ ಕಡೆಯಿಂದ, ಎತ್ತರದ ಕಡೆಯಿಂದ ಹೋಗು ಎನ್ನುವುದು ಇನ್ನೊಂದು ಪಾಠ. ಆ ಎರಡು ದಿಕ್ಕು ಒಂದೇ ಆಗಿರಬೇಕಲ್ಲ! ಗುಂಡಿನಿಂದ ತಪ್ಪಿಸಿಕೊಳ್ಳಲು ಪೊಲೀಸ್ ನೆಲಕ್ಕೆ ಬೀಳುತ್ತಾನೆ, ಚರಂಡಿಗೆ ಇಳಿಯುತ್ತಾನೆ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಅದು ಬಂದು ತುಂಬುವುದು ಅದೇ ಚರಂಡಿಯನ್ನು.

ಒತ್ತೆಯಾಳು ಪ್ರಕರಣವಾದರೆ ಇನ್ನೂ ಕಷ್ಟ. ಸುತ್ತುವರಿ, ಮಾತಾಡಿಸು, ಸಮಯ ತೆಗೆದುಕೋ ಎಂಬುದು ಅಲ್ಲಿನ ರೂಢಿ. ಸಮಯ ಕಳೆದಷ್ಟೂ ಆರೋಪಿ ದಣಿಯುತ್ತಾನೆ. ಆದರೆ ಒಳಗೆ ಅಮೋನಿಯಾ ಪೈಪ್ ಸೋರುತ್ತಿದ್ದರೆ ಸಮಯ ಒತ್ತೆಯಾಳುಗಳನ್ನೇ ಕೊಲ್ಲುತ್ತದೆ. ಇದು ಕಲ್ಪನೆ ಅನ್ನಿಸಬಹುದು. 2025ರ ಸೆಪ್ಟೆಂಬರ್‌ನಲ್ಲಿ ಚಡಚಣದ ಬ್ಯಾಂಕಿಗೆ ಮುಸುಕುಧಾರಿಗಳು ಪಿಸ್ತೂಲು ಹಿಡಿದು ನುಗ್ಗಿ, ದೋಚಿಕೊಂಡು ಮಹಾರಾಷ್ಟ್ರದ ಕಡೆಗೆ ಓಡಿದ್ದರು. ಚಡಚಣ ದ್ರಾಕ್ಷಿ ಸೀಮೆ. ಅಂಥವರು ಓಡುವ ದಾರಿಯಲ್ಲಿ ಕೋಲ್ಡ್ ಸ್ಟೋರೇಜ್ ಹೊಕ್ಕು ಕೂತರೆ ಎಂದು ಒಮ್ಮೆ ಯೋಚಿಸಿ. ಅಮೋನಿಯಾ 300 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ, ಮೀರಿದರೆ ಜೀವಕ್ಕೆ ತಕ್ಷಣದ ಅಪಾಯ. ಮೂಗಿಗೆ ಅದಕ್ಕಿಂತ ತುಂಬಾ ಮೊದಲೇ ಗೊತ್ತಾಗುತ್ತದೆ, ಕಣ್ಣು ಉರಿಯುತ್ತದೆ. ಅದೊಂದು ಉಪಕಾರ. ಹೈಡ್ರೋಜನ್ ಸಲ್ಫೈಡ್ ಹಾಗಲ್ಲ. ಕೊಳೆತ ಮೊಟ್ಟೆಯ ವಾಸನೆ ಮೊದಲು ಬರುತ್ತದೆ, 100 ಪಿಪಿಎಂ ಸುತ್ತಮುತ್ತ ಮೂಗೇ ಸತ್ತುಹೋಗುತ್ತದೆ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಎಂದು ಒಳಗೆ ಹೋದವನು ಹೊರಗೆ ಬರುವುದಿಲ್ಲ.

ಉಸಿರಾಟದ ಉಪಕರಣ ಹಾಕಿಕೊಂಡರೆ ಆಯ್ತಲ್ಲ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಬೆನ್ನಿಗೆ ಕಟ್ಟುವ 6.8 ಲೀಟರಿನ ಸಿಲಿಂಡರನ್ನು 300 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,000 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟಬಾರದು, ಅದು ಜೀವ ಉಳಿಸಲು ಇಟ್ಟಿದ್ದು. ಉಳಿಯುವುದು 1,700 ಲೀಟರ್. ಗುರಾಣಿ, ಬಂದೂಕು, ಗುಂಡುನಿರೋಧಕ ಜಾಕೆಟ್ ಹೊತ್ತು ನಡೆಯುವವನು ನಿಮಿಷಕ್ಕೆ 70 ಲೀಟರ್ ಎಳೆಯುವುದು ದೊಡ್ಡ ಮಾತಲ್ಲ. ಹಾಗಾದರೆ 24 ನಿಮಿಷ. ಒಳಗೆ ಹೋಗಲು 5, ಹೊರಗೆ ಬರಲು 5, ಮೈ ತೊಳೆಸಿಕೊಳ್ಳುವಾಗ ಮಾಸ್ಕ್ ತೆಗೆಯುವಂತಿಲ್ಲ, ಅದಕ್ಕೆ ಇನ್ನೊಂದು 5. ಕೆಲಸಕ್ಕೆ ಸಿಗುವುದು 9 ನಿಮಿಷ. ಹೆದರಿಕೆಗೆ ಉಸಿರು ಜೋರಾದರೆ ಅದೂ ಇಲ್ಲ. ಒಂದು ಕೋಲ್ಡ್ ಸ್ಟೋರೇಜಿನ ಕೋಣೆಗಳನ್ನು ಒಂದೊಂದಾಗಿ ಹುಡುಕಲು ಇಷ್ಟು ಸಾಕಾಗುವುದಿಲ್ಲ. ಹಾಗಾಗಿ ಎರಡನೇ, ಮೂರನೇ ತಂಡ ಸಿಲಿಂಡರ್ ಏರಿಸಿಕೊಂಡು ಹೊರಗೆ ತಯಾರು ನಿಂತಿರಬೇಕು. ನಾಲ್ಕು ಜನರನ್ನು ಒಳಗೆ ಕಳಿಸಬೇಕಾದರೆ ಹೊರಗೆ ಅದರ ಎರಡು ಮೂರು ಪಟ್ಟು ಜನ ಬೇಕು.

ಮಾಸ್ಕ್ ಹಾಕಿದ ಮೇಲೆ ಬಂದೂಕಿನ ಜೊತೆಗಿನ ಸಂಬಂಧವೂ ಬದಲಾಗುತ್ತದೆ. ಕೆನ್ನೆಯನ್ನು ರೈಫಲ್ ಹಿಡಿಕೆಗೆ ಒತ್ತಿ ಗುರಿ ಹಿಡಿದು ಕಲಿತವನಿಗೆ ಮಾಸ್ಕ್ ಅಡ್ಡ ಬರುತ್ತದೆ. ಪಕ್ಕದ ನೋಟ ಕಡಿಮೆಯಾಗುತ್ತದೆ. ಗಾಜಿಗೆ ಮಂಜು ಕಟ್ಟುತ್ತದೆ. ದಪ್ಪ ಕೈಗವಸಿನ ಬೆರಳು ಟ್ರಿಗರ್ ಗಾರ್ಡಿನೊಳಗೆ ಸರಿಯಾಗಿ ಹೋಗುವುದಿಲ್ಲ, ಹೋದರೆ ತಿಳಿಯದೆ ಒತ್ತಿಬಿಡುವ ಭಯ. ಕೂಗಿದ್ದು ಕೇಳಿಸುವುದಿಲ್ಲ. ವಾಕಿಟಾಕಿ ಬಳಸೋಣ ಅಂದರೆ, ಆವಿ ತುಂಬಿದ ಜಾಗದಲ್ಲಿ ಸಾಮಾನ್ಯ ವಾಕಿಟಾಕಿಯ ಬಟನ್ ಕೂಡ ಕಿಡಿ ಹುಟ್ಟಿಸಬಹುದು. ಅದಕ್ಕೆಂದೇ ಕಿಡಿ ಹಾರದಂತೆ ಮಾಡಿದ ಸೆಟ್‌ಗಳು ಬೇಕು. ಬಂದೂಕಿನ ಬಾಯಿಂದ ಹೊರಬರುವ ಜ್ವಾಲೆ, ಕಣ್ಣು ಕೋರೈಸುವ ಸ್ಟನ್ ಗ್ರೆನೇಡ್, ಬಾಗಿಲು ಸಿಡಿಸುವ ಸ್ಫೋಟಕ, ವಿದ್ಯುತ್ ಆಘಾತ ಕೊಡುವ ಟೇಸರ್ ಎಲ್ಲವೂ ಅಲ್ಲಿ ಬೆಂಕಿಕಡ್ಡಿಗೆ ಸಮ. ಹಾಗೆಂದು ಬಂದೂಕು ಹೊರಗಿಟ್ಟು ಹೋಗು ಎನ್ನಲೂ ಆಗದು. ಯಾವಾಗ ಗುಂಡು ಹಾರಿಸಬಾರದು, ಗುರಿಯ ಹಿಂದೆ ಪೈಪ್ ಇದೆಯಾ ಗೋಡೆ ಇದೆಯಾ ಎಂದು ನೋಡಿ ತಡೆದುಕೊಳ್ಳುವುದು ಹೇಗೆ ಎಂಬುದನ್ನು ಮಾಸ್ಕ್ ಹಾಕಿಕೊಂಡೇ ಸಾಕಷ್ಟು ಸಲ ಅಭ್ಯಾಸ ಮಾಡಿದರೆ ಮಾತ್ರ ಬರುತ್ತದೆ.

ಬಿಸಿಲಿನ ಮಾತು ಬೇರೆಯೇ. ಇಂಥ ಸೂಟುಗಳ ಬಗ್ಗೆ ಓದುವ ಪಾಠಗಳಲ್ಲಿ ಹೆಚ್ಚಿನವು ತಂಪು ದೇಶಗಳಲ್ಲಿ ಬರೆದದ್ದು. ವಿಜಯಪುರದ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ, ಗಾಳಿಯಾಡದ ಸೂಟಿನಲ್ಲಿ ಬೆವರು ಆರುವುದಿಲ್ಲ, ಮೈ ತಂಪಾಗುವ ದಾರಿಯೇ ಮುಚ್ಚುತ್ತದೆ. ಗಾಳಿ ಮುಗಿಯುವ ಮೊದಲೇ ಮನುಷ್ಯ ಕುಸಿಯಬಹುದು. ಒಳಗೆ ಹೋಗುವ ಮೊದಲು ಬಿಪಿ, ನಾಡಿ ನೋಡಬೇಕು. ಹೊರಬಂದ ಮೇಲೆ ನೆರಳು, ನೀರು, ಕಡ್ಡಾಯ ವಿಶ್ರಾಂತಿ ಬೇಕು. ನಮ್ಮ ಸೆಕೆಗೆ ಎಷ್ಟು ನಿಮಿಷ ಸರಿ ಅನ್ನುವುದನ್ನು ನಮ್ಮವರೇ ಇಲ್ಲಿಯೇ ಅಳೆದು ಕಂಡುಕೊಳ್ಳಬೇಕು.

ಮಾಸ್ಕಿನ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಜೀವ ತೆಗೆಯಬಲ್ಲದು. ಅಶ್ರುವಾಯುವಿಗೆ ಕೊಟ್ಟ ಫಿಲ್ಟರ್ ಮಾಸ್ಕ್ ಎಲ್ಲ ಅನಿಲಕ್ಕೂ ಆಗುತ್ತದೆ ಎಂದು ನಂಬಿಬಿಡುವುದು ಸುಲಭ. ಹಾಗಿಲ್ಲ. ಯುರೋಪಿನ ಗುರುತಿನ ಪ್ರಕಾರ ಅಮೋನಿಯಾಕ್ಕೆ ಹಸಿರು ಪಟ್ಟಿಯ ಡಬ್ಬಿ ಬೇಕು, ಕ್ಲೋರಿನ್‌ಗೆ ಬೂದು ಪಟ್ಟಿಯದು. ಆಮ್ಲಜನಕ ಶೇ 19.5ಕ್ಕಿಂತ ಕೆಳಗಿಳಿದ ಟ್ಯಾಂಕಿನೊಳಗೆ ಯಾವ ಫಿಲ್ಟರೂ ಕೆಲಸಕ್ಕೆ ಬರುವುದಿಲ್ಲ.

ಹೊರಗಿನ ಅನುಭವಗಳು ಏನು ಹೇಳುತ್ತವೆ? 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಓಂ ಶಿನ್ರಿಕ್ಯೊ ಪಂಥದವರು ಸರಿನ್ ವಿಷ ಬಿಟ್ಟರು. ಗಾಯಾಳುಗಳನ್ನು ಬಟ್ಟೆ ಬದಲಿಸದೆ ಆಸ್ಪತ್ರೆಗೆ ತಂದಿದ್ದರಿಂದ ಒಂದೇ ಆಸ್ಪತ್ರೆಯಲ್ಲಿ ನೂರಕ್ಕೂ ಹೆಚ್ಚು ಸಿಬ್ಬಂದಿಗೆ ವಿಷದ ಲಕ್ಷಣ ಕಾಣಿಸಿತು. ಎರಡು ದಿನಗಳ ನಂತರ ಪಂಥದ ನೆಲೆಗಳ ಮೇಲೆ ದಾಳಿಗೆ ಹೊರಟ ಪೊಲೀಸರು ಸೇನೆಯಿಂದ ಮಾಸ್ಕ್, ಸೂಟು ಪಡೆದಿದ್ದರು, ಪಂಜರದಲ್ಲಿ ಕ್ಯಾನರಿ ಹಕ್ಕಿ ಹಿಡಿದು ಹೋಗಿದ್ದರು. ಅನಿಲ ಇದ್ದರೆ ಹಕ್ಕಿಗೆ ಮೊದಲು ತಾಗುತ್ತದೆ ಎಂದು. 2002ರಲ್ಲಿ ಮಾಸ್ಕೋ ರಂಗಮಂದಿರದಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಹೋದ ಪಡೆಗಳೇ ಪ್ರಜ್ಞೆ ತಪ್ಪಿಸುವ ಅನಿಲ ಬಿಟ್ಟವು. ಸುಮಾರು 130 ಒತ್ತೆಯಾಳುಗಳು ಸತ್ತರು. ಯಾವ ಅನಿಲ ಎಂದು ವೈದ್ಯರಿಗೆ ಸಮಯಕ್ಕೆ ಹೇಳಿರಲಿಲ್ಲ. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದಾಗ ಜನರನ್ನು ಹೊರತರಲು ಓಡಿದ ಪೊಲೀಸರೂ ಅಸ್ವಸ್ಥರಾದರು. ನಮ್ಮ ರಾಜ್ಯದಲ್ಲೇ, 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ, ಪೊಲೀಸ್ ದಾಳಿಗೆ ಹೆದರಿ ಜಿಲೆಟಿನ್ ಕಡ್ಡಿ ಸಾಗಿಸಿ ಹಾಳುಮಾಡಲು ಹೋದವರಲ್ಲಿ ಆರು ಜನ ಸತ್ತರು. ಇಳಕಲ್ ಸುತ್ತ ಕಲ್ಲುಗಣಿಗಳಿರುವ ಬಾಗಲಕೋಟೆಗೆ ಇದು ದೂರದ ಕಥೆಯಲ್ಲ. ದಾಳಿ ಮಾಡಿದ ನಂತರ ಆ ಸರಕು ಏನಾಗುತ್ತದೆ ಎಂಬುದೂ ದಾಳಿಯ ಯೋಜನೆಯಲ್ಲಿ ಇರಬೇಕು.

ಕಾನೂನು ಇಲ್ಲದೆ ಇಲ್ಲ. ಭೋಪಾಲದ ನಂತರ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ, 1996ರಲ್ಲಿ ರಾಸಾಯನಿಕ ಅಪಘಾತಗಳ ನಿಯಮ ಬಂದವು. ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು, 45 ದಿನಕ್ಕೊಮ್ಮೆ ಸೇರಬೇಕು, ವರ್ಷಕ್ಕೆ ಒಂದಾದರೂ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು ಎಂದು 1996ರ ನಿಯಮದಲ್ಲಿದೆ. ಆ ಗುಂಪಿನಲ್ಲಿ ಪೊಲೀಸರೂ ಇದ್ದಾರೆ. ಆದರೆ ಅಣಕು ಕಾರ್ಯಾಚರಣೆ ಅಂದರೆ ಸಾಮಾನ್ಯವಾಗಿ ಸೈರನ್, ಸ್ಟ್ರೆಚರ್, ನೀರು ಹಾರಿಸುವುದು, ಫೋಟೊ. ಪೊಲೀಸರ ಪಾಲಿಗೆ ಟ್ರಾಫಿಕ್ ತಡೆಯುವ ಕೆಲಸ. ಸೋರಿಕೆಯ ಜೊತೆಗೆ ಒಬ್ಬ ಆಯುಧಧಾರಿಯನ್ನೋ, ಗೇಟಿನ ಹೊರಗೆ ಸಿಟ್ಟಿಗೆದ್ದ ಸಾವಿರ ಜನರನ್ನೋ ಸೇರಿಸಿ ಒಮ್ಮೆ ಅಭ್ಯಾಸ ಮಾಡಿ ನೋಡಲಿ. ಯಾರ ಮಾತು ಕೊನೆಯದು ಎಂಬ ಪ್ರಶ್ನೆ ಹತ್ತೇ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ.

ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯಲ್ಲಿ ರಾಸಾಯನಿಕ ಅಪಾಯಕ್ಕೆ ತರಬೇತಾದ ತಂಡಗಳಿವೆ. ಕರ್ನಾಟಕ ನೋಡಿಕೊಳ್ಳುವ 10ನೇ ಬೆಟಾಲಿಯನ್ ಇರುವುದು ವಿಜಯವಾಡ ಬಳಿ. ಅವರು ಬಂದಾಗ ಅನಿಲ ನಿಭಾಯಿಸುತ್ತಾರೆ, ಗುಂಡು ಹಾರಿಸುವವನನ್ನು ನಿಭಾಯಿಸುವುದು ಅವರ ಕೆಲಸವಲ್ಲ. ಅಗ್ನಿಶಾಮಕದವರ ಬಳಿ ಉಸಿರಾಟದ ಉಪಕರಣವಿದೆ, ಅದನ್ನು ಬಳಸುವ ಅನುಭವವಿದೆ. ಆಯುಧ ಎದುರಿಸಲು ಅವರನ್ನು ಕಳಿಸಲಾಗದು. ಡಿಎಆರ್‌ನವರ ಬಳಿ ಬಂದೂಕಿದೆ, ಗಾಳಿಯಿಲ್ಲ. ಈ ಮೂವರ ನಡುವಿನ ಖಾಲಿ ಜಾಗವೇ ನಮ್ಮ ಸಮಸ್ಯೆ.

ಇದಕ್ಕೆ ಮೂರು ಜಿಲ್ಲೆಗೂ ದುಬಾರಿ ಸೂಟು ಖರೀದಿಸಿ ಉಗ್ರಾಣದಲ್ಲಿ ಇಡುವುದು ಪರಿಹಾರ ಎಂದು ನನಗೆ ಅನ್ನಿಸುವುದಿಲ್ಲ. ಫಿಲ್ಟರಿಗೆ ಅವಧಿ ಇರುತ್ತದೆ, ಸಿಲಿಂಡರ್‌ಗಳನ್ನು ಕೆಲವು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಮಾಸ್ಕ್ ಪ್ರತಿಯೊಬ್ಬರ ಮುಖಕ್ಕೆ ಹೊಂದುತ್ತದಾ ಎಂದು ನೋಡಬೇಕು. ಸುಮ್ನೆ ಇಟ್ಟ ಉಪಕರಣ ಧೈರ್ಯ ಮಾತ್ರ ಕೊಡುತ್ತದೆ. ಮೊದಲು ಠಾಣೆಯ ಪ್ರತಿ ಕಾನ್‌ಸ್ಟೆಬಲ್‌ಗೆ ಅರ್ಧ ದಿನದ ಪಾಠ ಸಾಕು. ಟ್ಯಾಂಕರಿನ ಮೇಲಿನ ಫಲಕ ದೂರದಿಂದಲೇ ಓದುವುದು. 1075 ಇದ್ದರೆ ಎಲ್‌ಪಿಜಿ, 1005 ಅಮೋನಿಯಾ, 1017 ಕ್ಲೋರಿನ್, 1170 ಎಥನಾಲ್. ಗಾಳಿ ಎತ್ತ ಬೀಸುತ್ತಿದೆ ನೋಡುವುದು, ಜೀಪ್ ಎಲ್ಲಿ ನಿಲ್ಲಿಸಬೇಕು ತಿಳಿಯುವುದು, 112ಕ್ಕೆ ಆ ಸಂಖ್ಯೆ ಹೇಳುವುದು. ಓಡಿಹೋಗಿ ಎತ್ತಿ ತರಬೇಕೆನಿಸಿದರೂ ತಡೆದುಕೊಳ್ಳುವುದು. ಇದಕ್ಕೆ ಖರ್ಚೇ ಇಲ್ಲ. ಖಾನಾಪುರದ ಪೊಲೀಸ್ ತರಬೇತಿ ಶಾಲೆಯಲ್ಲಿ ಇದನ್ನು ಪಠ್ಯಕ್ಕೆ ಸೇರಿಸಬಹುದು.

ಅದರ ಮೇಲಿನ ಹಂತಕ್ಕೆ ಪ್ರತಿ ಜಿಲ್ಲೆಯ ಡಿಎಆರ್‌ನಲ್ಲಿ ಒಂದು ತುಕಡಿ. ಸುತ್ತುಗಟ್ಟುವುದು, ಅಪಾಯ ಎಷ್ಟಿದೆ ಎಂಬುದರ ಮೇಲೆ ಕೆಂಪು, ಹಳದಿ, ಹಸಿರು ವಲಯ ಗುರುತಿಸುವುದು, ಹೊರಬಂದವರನ್ನು ತೊಳೆಸಿ ಕಳಿಸುವುದು ಇವರ ಕೆಲಸ. ಹೊರಬಟ್ಟೆ ತೆಗೆಸಿದರೇ ಮೈಗಂಟಿದ ರಾಸಾಯನಿಕದ ಬಹುಪಾಲು ಹೋಗುತ್ತದೆ. ಕೇಳಲು ಸುಲಭ, ಮಾಡಲು ಕಷ್ಟ. ಕೈಕೋಳ ಹಾಕಿದ ಆರೋಪಿಯ ಬಟ್ಟೆ ತೆಗೆಸುವುದು ಹೇಗೆ? ಮಹಿಳೆಯರಿಗೆ ಮರೆ ಎಲ್ಲಿ? ತೊಳೆದ ನೀರು ಹಳ್ಳಕ್ಕೆ ಹೋಗದಂತೆ ಎಲ್ಲಿ ಹಿಡಿಯಬೇಕು? ಚರ್ಮದ ಬೆಲ್ಟು, ಬೂಟು ವಿಷ ಹೀರಿಕೊಂಡಿದ್ದರೆ ಬಿಸಾಡಲೇಬೇಕು, ಸರ್ಕಾರಿ ಸಾಮಾನು ಬಿಸಾಡಲು ಅಲ್ಲಿ ನಿಂತವನಿಗೆ ಅಧಿಕಾರ ಕೊಟ್ಟಿರಬೇಕು. ಬೆಳಗಾವಿಯ ಬಿಮ್ಸ್ ಆಸ್ಪತ್ರೆಯ ಬಾಗಿಲಿಗೆ ಯಾರೂ ತೊಳೆಯದ ಮೈಯಲ್ಲಿ ಹೋಗಬಾರದು.

ಎಲ್ಲಕ್ಕಿಂತ ಮೇಲಿನ ಹಂತಕ್ಕೆ ಇಡೀ ಬೆಳಗಾವಿ ವಲಯಕ್ಕೆ, ಅಂದರೆ ಪೊಲೀಸರ ಉತ್ತರ ವಲಯಕ್ಕೆ, ಒಂದೇ ತಂಡ ಸಾಕು, ಬೆಳಗಾವಿಯಲ್ಲಿ. ಐಜಿಪಿ ಕಚೇರಿ ಇಲ್ಲೇ ಇದೆ. ಮಚ್ಛೆಯಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ, ಅಂದರೆ ಕೆಎಸ್‌ಆರ್‌ಪಿಯ, 2ನೇ ಬೆಟಾಲಿಯನ್ ಇದೆ. ಸೇನೆಯ ಕಮಾಂಡೊ ತರಬೇತಿಯೂ ಇದೇ ಊರಲ್ಲಿ ನಡೆಯುತ್ತದೆ, ಕಲಿಸಿಕೊಡಿ ಎಂದು ಕೇಳಲು ದೂರ ಹೋಗಬೇಕಿಲ್ಲ. ಮಚ್ಛೆಯಿಂದ ಆಯ್ದ ಇಪ್ಪತ್ತೈದು ಮೂವತ್ತು ಜನ, ಅವರ ಜೊತೆ ಅಗ್ನಿಶಾಮಕದ ಕೆಲವರು, ಒಬ್ಬ ವೈದ್ಯ, ಕಾರ್ಖಾನೆಗಳ ಇಲಾಖೆಯ ಒಬ್ಬ ಅಧಿಕಾರಿ. ತಿಂಗಳಿಗೊಮ್ಮೆ ಮಾಸ್ಕ್ ಹಾಕಿ ಫೈರಿಂಗ್ ರೇಂಜ್, ಮಾಸ್ಕ್ ಹಾಕಿ ಹುಡುಕಾಟ, ಸನ್ನೆ ಭಾಷೆ.

ಎಲ್ಲಕ್ಕಿಂತ ಕಷ್ಟದ್ದು ಉಪಕರಣವಲ್ಲ, ದರ್ಜೆ. ಅನಿಲ ಅಳೆಯುವ ಮೀಟರ್ ಹಿಡಿದವನು ಕಾನ್‌ಸ್ಟೆಬಲ್ ಆಗಿರಬಹುದು. ಅವನು ಸಾಕು, ಹೊರಗೆ ಎಂದರೆ ಡಿವೈಎಸ್‌ಪಿ ಕೂಡ ಹೊರಗೆ ಬರಬೇಕು. ಗಾಳಿಯ ಲೆಕ್ಕ ಇಟ್ಟವನು ಸಮಯ ಮುಗಿಯಿತು ಎಂದರೆ ಆರೋಪಿ ಎರಡು ಹೆಜ್ಜೆ ದೂರದಲ್ಲಿದ್ದರೂ ತಿರುಗಬೇಕು. ನಮ್ಮ ಪೊಲೀಸ್ ವ್ಯವಸ್ಥೆಯಲ್ಲಿ ಇದು ಸಹಜವಾಗಿ ಬರುವುದಿಲ್ಲ. ಲಿಖಿತ ಆದೇಶದಲ್ಲಿ ಇರಬೇಕು, ಎಸ್‌ಪಿ ಅವರೇ ಅಭ್ಯಾಸದಲ್ಲಿ ನಿಂತು ಅದನ್ನು ಪಾಲಿಸಿ ತೋರಿಸಬೇಕು.

ಅಭ್ಯಾಸಕ್ಕೆ ಜಾಗವೂ ಸಮಯವೂ ನಮ್ಮ ಕಡೆ ತಾನಾಗಿಯೇ ಸಿಗುತ್ತದೆ. ಕಬ್ಬು ನುರಿಸುವುದು ಮುಗಿದ ಮೇಲೆ, ಮುಂದಿನ ಹಂಗಾಮಿನ ತನಕ ಕಾರ್ಖಾನೆಗಳು ದುರಸ್ತಿಯಲ್ಲಿರುತ್ತವೆ. ಬಾಯ್ಲರ್ ತಣ್ಣಗಿರುತ್ತದೆ, ಸುರಕ್ಷತಾ ಅಧಿಕಾರಿಗೆ ಬಿಡುವಿರುತ್ತದೆ. ಆಗ ಪೊಲೀಸರು ಒಳಗೆ ಹೋಗಿ ಟ್ಯಾಂಕ್ ಎಲ್ಲಿದೆ, ವಾಲ್ವ್ ಎಲ್ಲಿದೆ, ಎರಡನೇ ಗೇಟ್ ಯಾವುದು, ಸಂಜೆ ಗಾಳಿ ಎತ್ತ ತಿರುಗುತ್ತದೆ ಎಂದು ನಡೆದು ನೋಡಬಹುದು, ನಕ್ಷೆ ಬರೆದು ಠಾಣೆಯಲ್ಲಿ ಇಟ್ಟುಕೊಳ್ಳಬಹುದು. ಕಾರ್ಮಿಕರು ಟ್ಯಾಂಕ್ ಸ್ವಚ್ಛ ಮಾಡಲು ಇಳಿಯುವುದೂ ಅದೇ ತಿಂಗಳುಗಳಲ್ಲಿ. ಒಬ್ಬ ಬಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಇಳಿದು ಅವನೂ ಬೀಳುವುದು ಹೆಚ್ಚಾಗಿ ಆಗಲೇ. ಹಾಗಾಗಿ ಮೊದಲ ಜಂಟಿ ಅಭ್ಯಾಸವನ್ನು ಮುಂದಿನ ಹಂಗಾಮು ಶುರುವಾಗುವ ಮೊದಲೇ, ಒಂದು ಡಿಸ್ಟಿಲರಿಯಲ್ಲಿ, ಅಲ್ಲಿನ ಕಾರ್ಮಿಕರನ್ನೂ ಸೇರಿಸಿಕೊಂಡು ಮಾಡಬೇಕು.